ಬ್ಯಾಟರಿ ಲೈಟು ಹತ್ತದ ಬೆಳಿಗ್ಗೆ

ನಮ್ಮ ಅಡುಗೆಮನೆಗೆ ಕಿಟಕಿಯಿಲ್ಲ, ಹಗಲಲ್ಲೂ ಲೈಟು ಬೇಕು. ಕರೆಂಟು ನಂಬುವ ಹಾಗಿಲ್ಲವೆಂದು ನಮ್ಮ ಯಜಮಾನರು ಹಳೇ ಬಸ್ಸೊಂದರ ಸಣ್ಣ ಟ್ಯೂಬ್‌ಲೈಟು ಬಿಚ್ಚಿ ತಂದು, ಬ್ಯಾಟರಿಗೆ ಜೋಡಿಸಿ ಒಲೆಯ ಮೇಲೆ ಹಾಕಿದ್ದರು. ಜೀವಮಾನವೆಲ್ಲ ಬಸ್ಸುಗಳಿಗೆ ಲೈಟು ಕೂರಿಸಿದವರು. ಬಸ್ಸು ಕಟ್ಟುವ ಶೆಡ್ಡಿನಲ್ಲಿ ಎಲ್ಲರಿಗೂ ಲೈಟಣ್ಣ.

ಆ ಬೆಳಿಗ್ಗೆ ಅದು ಹತ್ತಲಿಲ್ಲ.

"ಊರಿನ ಬಸ್ಸಿಗೆಲ್ಲ ಬೆಳಕು ಕೊಟ್ಟು ಮನೆಯವರನ್ನ ಕತ್ತಲಲ್ಲಿ ಇಟ್ರಲ್ಲಪ್ಪಾ," ಎಂದಳು ಮಗಳು, ಈರುಳ್ಳಿ ಹೆಚ್ಚುತ್ತಾ.

"ಬೆರಳು ಹೆಚ್ಕೊಂಡೀಯೆ, ಸುಮ್ನಿರು," ಎಂದು ಸ್ಟೂಲು ಹತ್ತಿದರು.

ಟ್ಯೂಬು ಬದಲಾಯಿಸಿದರು. ಇಲ್ಲ. ಪಿನ್ನುಗಳನ್ನು ಉಜ್ಜಿದರು, ಫ್ಯೂಸು ನೋಡಿದರು. ಕೊನೆಗೆ ಪುಟ್ಟ ಬಲ್ಬೊಂದನ್ನು ತಂತಿಗಳಿಗೆ ತಾಗಿಸಿದರೆ ಝಗ್ಗನೆ ಹತ್ತಿತು.

"ಬ್ಯಾಟರಿಯಿಂದ ಕರೆಂಟು ಬರ್ತಿದೆ. ಮತ್ತೆ ಇದಕ್ಕೇನು ರೋಗ?"

ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದು ಹಿಂದಿನ ದಿನ ತಾನೇ ಅವರೇ ಕೂರಿಸಿದ್ದರು. ನಾನು ಬಗ್ಗಿ ನೋಡಿದೆ. ಕೆಂಪು ತಂತಿ ಮೈನಸ್ಸಿಗೆ, ಕಪ್ಪು ಪ್ಲಸ್ಸಿಗೆ. ಬಲ್ಬಿಗೆ ಹೇಗೆ ಕೊಟ್ಟರೂ ನಡೆಯುತ್ತದೆ. ಈ ಲೈಟಿಗೆ ಹಾಗಲ್ಲ, ಅದಲುಬದಲಾದರೆ ಒಳಗಿನ ಚೋಕ್ ಸುಟ್ಟೇ ಹೋಗುತ್ತದೆ. ಕೆಲಸ ಕಲಿಯಲು ಬಂದವರಿಗೆಲ್ಲ ಅವರು ಮೊದಲು ಹೇಳುತ್ತಿದ್ದುದೇ ಇದು.

ಈಚೆಗೊಮ್ಮೆ ಶೆಡ್ಡಿನಿಂದ ಬರುವಾಗ ನಮ್ಮ ಬೀದಿ ದಾಟಿ ಹೋಗಿಬಿಟ್ಟಿದ್ದರು. ಏನೋ ಯೋಚನೆಯಲ್ಲಿದ್ದೆ ಅಂದರು. ಇದ್ದೀತು ಅಂದುಕೊಂಡಿದ್ದೆ.

ಅವರೂ ಇಳಿದು ಬಂದು ಬಗ್ಗಿದರು. "ಯಾವ ಕತ್ತೆ ಕೊಟ್ಟಿದ್ದು ಈ ಕನೆಕ್ಷನ್ನು?"

ಮಗಳ ಕೈ ನಿಂತಿತು.

"ನಾನೇ," ಎಂದೆ.

"ನೀನಾ? ಇಷ್ಟು ವರ್ಷ ನನ್ನ ಜೊತೆ ಬಾಳಿ?" ಬೈಯಲಿಲ್ಲ. ಎಳೆಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ನೋಡಿಲ್ಲಿ. ಕೆಂಪು ಯಾವತ್ತೂ ಪ್ಲಸ್ಸಿಗೆ." ಹೇಳುತ್ತಲೇ ಎರಡೂ ತಂತಿ ಬಿಚ್ಚಿ, ಕೆಂಪನ್ನು ಮತ್ತೆ ಮೈನಸ್ಸಿಗೇ ಸಿಕ್ಕಿಸಿದರು.

ನಾನು ಅವರ ಕೈ ಹಿಡಿದೆ. ತಂತಿ ನೋಡಿದರು, ನನ್ನ ಮುಖ ನೋಡಿದರು. ಹಿಂದಿನ ದಿನ ಕೊಟ್ಟಿದ್ದು ಯಾರೆಂದು ಆಮೇಲೆ ಕೇಳಲಿಲ್ಲ.

ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು. ಹೊಸ ಬಸ್ಸಿಗೆ ಪೂರ್ತಿ ವೈರಿಂಗ್ ಮಾಡಿಸಲು ಬಸ್ಸಿನ ಸಾಹುಕಾರ ಇವರನ್ನು ಕರೆದೊಯ್ಯಲು ಬಂದಿದ್ದ.

"ಅಮ್ಮಾ, ಇನ್ನು ಬೇಡ ಅಂದ್ಬಿಡು," ಮಗಳು ಕಿವಿಯಲ್ಲಿ ಹೇಳಿದಳು.

ಬೇಡ ಅಂದರೆ ಈ ಮನುಷ್ಯನಿಗೆ ಉಳಿಯುವುದೇನು? ಹೂಂ ಅಂದು ತಂತಿ ತಪ್ಪಿದರೆ, ಬಸ್ಸಿನ ತುಂಬ ಹತ್ತುವವರು ಯಾರೋ, ಯಾರ ಮಕ್ಕಳೋ. ನಾನು ಚಪ್ಪಲಿ ಮೆಟ್ಟಿಕೊಂಡೆ.

"ನೀನ್ಯಾಕೆ?" ಎಂದರು.

"ನೀವು ಹೇಳ್ತಾ ಹೋಗಿ. ಕನೆಕ್ಷನ್ ಕೊಡೋದು ನಾನು."

ಅವರು ಬಾಗಿಲು ದಾಟಿದರು.

"ಏನತ್ತಿಗೆ, ಅಣ್ಣನ್ನ ಒಬ್ಬನೇ ಬಿಡಲ್ವಾ?" ಎಂದ ಸಾಹುಕಾರ.

"ಬಿಡಲ್ಲ," ಎಂದೆ.

ಅವನು ನಕ್ಕ. ಇವರು ನಗಲಿಲ್ಲ.