ಹೊಸ ಬೆಲ್ಟು, ಹಳೇ ಪಂಪು

ಕಣ್ಣು ಮಂಜಾದ ಮೇಲೆ ಅಪ್ಪ ಕಾರು ಓಡಿಸುವುದನ್ನು ಬಿಟ್ಟ. ಒಂದು ಭಾನುವಾರ ಊಟ ಮುಗಿಸಿ ಎದ್ದವನು, ಗೂಟದಲ್ಲಿದ್ದ ಕೀಲಿ ತೆಗೆದು ಚಿಕ್ಕ ಮಗಳ ಅಂಗೈಯಲ್ಲಿಟ್ಟ. "ನೀನೇ ಇಟ್ಕೋ. ದಿನಾ ಬಸ್ಸಿಗೆ ಕಾದು ಸಾಯ್ತೀಯ."

ದೊಡ್ಡವಳು ನಕ್ಕಳು. ನಕ್ಕು ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಬಾಣಲೆಯನ್ನು ಮತ್ತೆ ಉಜ್ಜತೊಡಗಿದಳು. ಅವಳು ಮೆಕ್ಯಾನಿಕ್. ಅವಳದು ಬೇರೆ ಮನೆ, ಅದಕ್ಕೆ ಅಂಟಿಕೊಂಡೇ ಅವಳ ಶೆಡ್ಡಿತ್ತು. ಆ ಕಾರಿನ ಆಯಿಲ್ ಬದಲಿಸಿದವಳು ಅವಳು, ಬ್ರೇಕ್ ಬಿಗಿದವಳು ಅವಳು, ಚಳಿಯಲ್ಲಿ ಅದು ಮುಷ್ಕರ ಹೂಡಿದಾಗಲೆಲ್ಲ ಪುಸಲಾಯಿಸಿ ಎಬ್ಬಿಸಿದವಳೂ ಅವಳೇ. ತಂಗಿಗೆ ಬಾನೆಟ್ ತೆಗೆಯುವ ಹಿಡಿ ಯಾವ ಕಡೆ ಇದೆ ಅಂತಲೂ ಗೊತ್ತಿರಲಿಲ್ಲ.

ಆದರೂ ತಂಗಿ ಕಾರು ತೆಗೆದುಕೊಂಡು ಹೊರಡುವಾಗ ಹೇಳಬೇಕಾದ್ದನ್ನು ಹೇಳಿದಳು. "ಟೈಮಿಂಗ್ ಬೆಲ್ಟ್ ಬದಲಾಯಿಸ್ಬೇಕು."

"ಜಾಸ್ತಿ ಓಡೇ ಇಲ್ವಲ್ಲೇ ಅಕ್ಕ ಇದು?"

"ಓಡದೆ ನಿಂತಿದ್ರೂ ರಬ್ಬರಿಗೆ ವಯಸ್ಸಾಗಲ್ವಾ? ಕಿಲೋಮೀಟರ್ ಒಂದೇ ನೋಡಿದ್ರೆ ಆಗಲ್ಲ, ವರ್ಷಾನೂ ನೋಡ್ಬೇಕು. ಬೆಲ್ಟ್ ಕಿತ್ತುಹೋದ್ರೆ ಇಂಜಿನ್ ಒಳಗೆ ವಾಲ್ವಿಗೂ ಪಿಸ್ಟನ್ನಿಗೂ ಹೊಡೆದಾಟ, ಆಮೇಲೆ ಇಂಜಿನ್ನೇ ಬಿಚ್ಚಬೇಕು. ಬೆಲ್ಟ್ ಜೊತೆಗೇ ಅದನ್ನ ಬಿಗಿ ಹಿಡಿಯೋ ಟೆನ್ಷನರ್, ಅದು ತಿರುಗಿಸೋ ವಾಟರ್ ಪಂಪ್, ಎಲ್ಲ ಒಟ್ಟಿಗೆ ಹಾಕಿಬಿಡೋಣ. ಕಾರನ್ನ ಶೆಡ್ಡಿಗೆ ತಗೊಂಡು ಬಾ."

"ಬರ್ತೀನಿ ಬಿಡು," ಅಂದಳು ತಂಗಿ.

ಅಕ್ಕ ಕಾದಳು. ತಂಗಿ ಬರಲಿಲ್ಲ. ಕೊನೆಗೆ ಸುದ್ದಿ ಬಂದಿದ್ದು ಅಪ್ಪನ ಫೋನಿನಲ್ಲಿ: ಸೇತುವೆ ಪಕ್ಕದ ದೊಡ್ಡ ವರ್ಕ್‌ಶಾಪಿನಲ್ಲಿ ಬೆಲ್ಟ್ ಹಾಕಿಸಿದಳಂತೆ, ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರಂತೆ, ಕಾರು ತೊಳೆದೂ ಕೊಟ್ಟರಂತೆ. "ಫಳಫಳ ಅಂತಿದೆಯಂತೆ ಕಣೇ," ಅಂದ ಅಪ್ಪ. ಕಾರು ಹೋದದ್ದು ಒಂದು ಉರಿ. ಅದರ ಹೊಟ್ಟೆಯೊಳಗೆ ಪರರು ಕೈ ಹಾಕಿದ್ದು ಅದಕ್ಕಿಂತ ದೊಡ್ಡ ಉರಿ. ಅವತ್ತು ಶೆಡ್ಡಿಗೆ ಬಂದ ಗಿರಾಕಿಗಳಿಗೆಲ್ಲ ಅವಳು ಸಿಡುಕಿದಳು.

ಮುಂದಿನ ತಿಂಗಳು ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂಗಿ ಬಂದಳು. ಗುಡ್ಡದ ಆಚೆ ಇರುವ ಸೋದರತ್ತೆಯ ಮನೆಗೆ ಹೊರಟಿದ್ದರು, ದಾರಿಯಲ್ಲಿ ಒಂದು ಲೋಟ ಟೀಗೆ ನಿಂತಿದ್ದರು. ಕಾರು ಗೇಟಿನೊಳಗೆ ಬರುವಾಗಲೇ ಅಕ್ಕನ ಕಿವಿ ನಿಮಿರಿತು. ಬೆಲ್ಟಿನ ಬದಿಯಿಂದ ಸಣ್ಣ ಕೀರಲು ದನಿ. ಆಕ್ಸಿಲರೇಟರ್ ಒತ್ತಿದಂತೆಲ್ಲ ಅದೂ ಏರುತ್ತಿತ್ತು. ಪಂಪಿನ ಬೇರಿಂಗ್ ಹೋಗಿದೆ! ಮೊದಲ ಕ್ಷಣ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗಾಜಿನ ಕೋಣೆ, ಕಾಫಿ! ಕುಡೀರಿ ಇನ್ನಷ್ಟು.

ಟೀ ಕುದಿಯುವಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅಪ್ಪ ಏದುಸಿರು ಬಿಡುತ್ತ ಮತ್ತೆ ಕಾರು ಹತ್ತುವುದನ್ನು ಕಂಡಾಗ ತಡೆಯಲಾಗಲಿಲ್ಲ.

"ಈ ಕಾರಲ್ಲಿ ಗುಡ್ಡ ಹತ್ತಬೇಡಿ. ವಾಟರ್ ಪಂಪ್ ಹೋಗ್ತಿದೆ. ಅದು ತಿರುಗದೆ ಹಿಡ್ಕೊಂಡ್ರೆ ಹೊಸ ಬೆಲ್ಟೂ ಉಳಿಯಲ್ಲ."

ತಂಗಿಯ ಮುಖ ಬಿಗಿಯಿತು. ಅಪ್ಪ ನಿಟ್ಟುಸಿರು ಬಿಟ್ಟ. "ನಿನಗೆ ಹೊಟ್ಟೆಕಿಚ್ಚು ಕಣೇ ಮಗಳೇ. ಕೀಲಿ ಕೊಟ್ಟ ದಿನದಿಂದ ನೋಡ್ತಾ ಇದೀನಿ."

ತಂಗಿ ಇಂಜಿನ್ ಚಾಲೂ ಮಾಡಿದಳು. ಹೋಗಲಿ, ನನಗೇನು ಅಂತ ಒಳಗೆ ನಡೆದುಬಿಡಬಹುದಿತ್ತು. ಅಕ್ಕ ಹೋಗಿ ಕಾರಿನ ಮುಂದೆ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

"ಹೌದು, ಹೊಟ್ಟೆಕಿಚ್ಚೇ! ಉರಿದು ಬೂದಿಯಾಗ್ತಿದೀನಿ. ಹೊಟ್ಟೆಕಿಚ್ಚಿದ್ದವರಿಗೆ ಕಿವಿ ಕೇಳಲ್ವಾ? ನನ್ನ ಮಾತು ನಂಬಬೇಡಪ್ಪ. ಇಳಿದು ಬಂದು ನೀನೇ ಕೇಳು."

ಅಪ್ಪ ಇಳಿದ. ಅವಳು ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರ್ ತಂದು, ಓಡುತ್ತಿದ್ದ ಇಂಜಿನ್ನಿನಲ್ಲಿ ಪಂಪಿನ ಮೈಗೆ ತುದಿ ಒತ್ತಿ, ಹಿಡಿಯನ್ನು ಅಪ್ಪನ ಕಿವಿಗೆ ಆನಿಸಿದಳು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಮುಖದ ಗೆರೆಗಳು ಒಂದೊಂದಾಗಿ ಬದಲಾದವು.

"ಮರಳು ಅರೆದ ಹಾಗಿದೆಯಲ್ಲೇ," ಅಂದ. ತಂಗಿಯ ಕಡೆ ತಿರುಗಿ, "ಆಫ್ ಮಾಡಮ್ಮ."

ಇಂಜಿನ್ ತಣ್ಣಗಾದ ಮೇಲೆ ಬೆಲ್ಟಿನ ಮುಚ್ಚಳ ಬಿಚ್ಚಿದರೆ, ಪಂಪಿನ ಕೆಳಗೆ ಇಂಜಿನ್ ತಂಪಿಡುವ ಕೂಲೆಂಟ್ ಸೋರಿ ಒಣಗಿದ ಗುಲಾಬಿ ಕಲೆ. ಹೊಸ ಬೆಲ್ಟಿನ ಒಂದು ಅಂಚು ಆಗಲೇ ನೂಲುನೂಲಾಗಿತ್ತು.

"ಇದನ್ನ ಹಾಗೇ ಬಿಟ್ಟಿದಾರಲ್ಲ ಆ ಪುಣ್ಯಾತ್ಮರು!" ಅಂದಳು ಅಕ್ಕ, ಗೆದ್ದ ದನಿಯಲ್ಲಿ.

"ಅವರ ತಪ್ಪಿಲ್ಲ," ತಂಗಿ ನೆಲ ನೋಡುತ್ತ ಹೇಳಿದಳು. "ಪಂಪೂ ಹಾಕೋಣ ಅಂತ ಅವರೂ ಹೇಳಿದ್ರು. ನೀನು ಹೇಳಿದ್ದನ್ನೇ ಹೇಳಿದ್ರು. ಅದಕ್ಕೇ ಬೇಡ ಅಂದೆ."

"ಹುಚ್ಚೇನೇ ನಿನಗೆ?"

"ನಿನಗೊಬ್ಬಳಿಗೇನಾ ಹೊಟ್ಟೆಕಿಚ್ಚು ಇರೋದು? ಚಿಕ್ಕಂದಿನಿಂದ ನೀನೂ ಅಪ್ಪನೂ ಈ ಬಾನೆಟ್ಟಿನೊಳಗೆ ತಲೆ ಹಾಕ್ಕೊಂಡು ನಗ್ತಾ ಇದ್ರಿ. ನಾನು ಈಚೆ ನಿಂತು ನಿಮ್ಮಿಬ್ಬರ ಬೆನ್ನು ನೋಡ್ತಿದ್ದೆ. ಕಾರು ನನಗೆ ಬಂದಾಗ, ಇದಕ್ಕೆ ಏನಾಗ್ಬೇಕು ಅಂತ ಒಂದ್ಸಲನಾದ್ರೂ ನಾನೇ ಹೇಳ್ಬೇಕು ಅನ್ನಿಸ್ತು."

ಈ ಹುಡುಗಿ ತನ್ನನ್ನು ನೋಡಿ ಕರುಬಬಹುದು ಎಂಬುದು ಅಕ್ಕನ ಕನಸಿನಲ್ಲೂ ಸುಳಿದಿರಲಿಲ್ಲ. ಅಪ್ಪ ಇಬ್ಬರನ್ನೂ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಅತ್ತೆಗೆ ಫೋನು ಮಾಡಿ ಬರುವುದಿಲ್ಲವೆಂದರು. ಪಂಪು, ಟೆನ್ಷನರ್, ಮತ್ತೊಂದು ಹೊಸ ಬೆಲ್ಟು ಬರುವವರೆಗೆ ಅಪ್ಪ ಅಕ್ಕನ ಮನೆಯಲ್ಲೇ ಉಳಿದ. ಆ ದಿನಗಳಲ್ಲಿ ಅವಳು ಗಿರಾಕಿಗಳೊಂದಿಗೆ ಮೆತ್ತಗೆ ಮಾತಾಡಿದಳು.

ಕೆಲಸದ ದಿನ ತಂಗಿ ಹಳೇ ಅಂಗಿ ತೊಟ್ಟು ಬಂದಳು. ಬೆಲ್ಟ್ ಓಡುವ ಹಲ್ಲುಗಾಲಿಗಳ ಮೇಲಿನ ಗುರುತುಗಳು ಒಂದಕ್ಕೊಂದು ಕೂಡಬೇಕು, ಒಂದು ಹಲ್ಲು ತಪ್ಪಿದರೂ ಇಂಜಿನ್ ಕೆಟ್ಟಂತೆಯೇ ಎಂದು ಅಪ್ಪ ಅವಳಿಗೆ ಬೆರಳಿಟ್ಟು ತೋರಿಸುತ್ತಿದ್ದ. ಹಿಂದೆ ಅಕ್ಕನಿಗೆ ಹೇಳಿಕೊಟ್ಟಂತೆಯೇ, ಅದೇ ಮಾತುಗಳಲ್ಲಿ. ಸ್ಪ್ಯಾನರ್ ಹಿಡಿದು ನಿಂತ ಅಕ್ಕನಿಗೆ ಮತ್ತೆ ಹೊಟ್ಟೆಯಲ್ಲಿ ಕಿಡಿ ಹೊತ್ತಿತು. ಹೊತ್ತಿಕೊಳ್ಳಲಿ ಅಂತ ಬಿಟ್ಟಳು.

"ಸ್ವಲ್ಪ ಆಚೆ ಸರೀರಿ ಇಬ್ರೂ," ಅಂದಳು. "ಬೆಲ್ಟ್ ಹಾಕೋಳು ನಾನು."