ಅರ್ಧ ತಾಸಿನ ಕೆರೆಗಾವಲು

ಹುಬ್ಬಿನ ಮೇಲೂ ಹಿಟ್ಟು ಕೂತಿದೆ, ಗಡ್ಡ ಎಲ್ಲಿ ಮುಗಿದು ಹಿಟ್ಟು ಎಲ್ಲಿ ಶುರುವಾಯಿತೋ ಹೇಳಲಿಕ್ಕಾಗದು, ಗಿರಣಿಯಿಂದ ನೇರ ಎದ್ದು ಬಂದವನು ಮುಖ ಕೂಡ ತೊಳೆಯದೆ ಬರ್ರಿ ಅಕ್ಕಾರ, ಕುಂಡರ್ರಿ, ಬಿಸಲಾಗ ಯಾಕ ನಿಂತೀರಿ ಎಂದು ಕಟ್ಟೆಯ ಮೇಲೆ ಖಾಲಿ ಚೀಲ ಹಾಸುತ್ತಿದ್ದಾನೆ ಖಾಜಾಸಾಬ, ಆರು ವರ್ಷದ ಮೇಲೆ ಬಂದವಳು ನಿನ್ನೆ ಸಂಜೆಯಷ್ಟೇ ಎದ್ದು ಹೋಗಿದ್ದಳೇನೋ ಎಂಬ ಹಾಗೆ — ಬೈದಿದ್ದರೆ ಎಷ್ಟು ಸಲೀಸಾಗುತ್ತಿತ್ತು, ನೇತ್ರಾ ಬೈಸಿಕೊಳ್ಳಲಿಕ್ಕೆಂದೇ ಬಂದವಳು, ಬಸ್ಸು ಅಣ್ಣಿಗೇರಿ ದಾಟುವಷ್ಟರಲ್ಲಿ ಮಾತನ್ನು ಹತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದಳು, ಕಾಕಾ, ಆ ಮೀನ ತಗೊಂಡಾಕಿ ನಾನು. ಐದೇ ಶಬ್ದ. ಪಿಎಚ್‌ಡಿ ಮೌಖಿಕದಲ್ಲಿ ಮೂವರು ಘಟಾನುಘಟಿಗಳ ಮುಂದೆ ಮುಕ್ಕಾಲು ತಾಸು ಪಟಪಟ ಅಂದವಳು, ಈಗ ಕಾಲೇಜಿನಲ್ಲಿ ಜೀವವಿಕಾಸದ ಪಾಠ ಹೇಳುವ ಡಾಕ್ಟರ್ ನೇತ್ರಾ, ಐದು ಶಬ್ದ ಬಾಯಲ್ಲಿಟ್ಟುಕೊಂಡು ಕೂತಿದ್ದಾಳೆ, ಬಿಸಿಲಿಗೆ ಕಾದ ಕಟ್ಟೆ ಚೀಲದೊಳಗಿಂದಲೂ ಸುಡುತ್ತಿದೆ, ಸುಡಲಿ. ಮುಮತಾಜ್ ಬಂದಾಳ್ರಿ ಗಂಡನ ಮನಿಯಿಂದ, ಚಾ ಮಾಡಾಕತ್ಯಾಳ, ಕುಡದ ಹೋಗಬೇಕು ನೋಡ್ರಿ, ಎನ್ನುತ್ತಿದ್ದಾನೆ, ಇವಳು ಹ್ಞೂಂ ಕಾಕಾ ಎನ್ನುತ್ತಾಳೆ.

ಗಿರಣಿ. ಕೆರೆ ಕಾಯುತ್ತಿದ್ದ ಮನುಷ್ಯ ಈಗ ಮಂದಿಯ ಜೋಳ ಬೀಸುತ್ತಾನೆ, ಯಾರಿಂದ, ತನ್ನಿಂದ — ಎರಡು ಕೆರೆ ಈ ಊರಿಗೆ, ಅದೇ ಆಕೆಯ ಭಾಗ್ಯ ಎಂದಿದ್ದರು ಗೈಡ್ ಕಾಶಿನಾಥ ಸರ್, ಹೊರಗಿನ ಕೆರೆಯನ್ನು ವರ್ಷಾ ವರ್ಷಾ ಹರಾಜು ಹಾಕಿ ಬಲೆ ಎಳೆಯುತ್ತಾರೆ, ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಕಾಲು ಸಹ ಇಡುವಂತಿಲ್ಲ, ಬಲೆ ದೂರದ ಮಾತು, ಎರಡರಲ್ಲೂ ಅದೇ ಮರಲ್ ಮೀನು, ಹಾವಿನ ತಲೆಯಂಥ ತಲೆಯದು, ಯಾರೂ ತಂದು ಬಿಟ್ಟದ್ದಲ್ಲ, ಕಾಲುವೆಯ ನೀರಿನ ಜೊತೆ ತಾನಾಗಿ ಬಂದು ಸೇರಿಕೊಂಡದ್ದು. ಬಲೆ ಬೀಳುವ ಕೆರೆಯಲ್ಲಿ ಒಂದು ಗೇಣು ಬೆಳೆಯುವುದರೊಳಗೆ ತತ್ತಿ ಇಡುತ್ತವೆ, ಬೆಳೆದು ದೊಡ್ಡದಾಗಿ ಆಮೇಲೆ ಮರಿ ಮಾಡೋಣ ಎಂದು ಕಾದವೆಲ್ಲ ಬಲೆಗೆ ಹೋದವು, ಗಡಿಬಿಡಿಯವು ಉಳಿದವು, ಗಡಿಬಿಡಿಯೇ ರಕ್ತದಲ್ಲಿ ಇಳಿದುಬಂತು. ಕಾವಲಿನ ಕೆರೆಯಲ್ಲಿ ಹಾಗಲ್ಲ, ಅಲ್ಲಿ ಮೂರು ನಾಲ್ಕು ವರ್ಷ ಮೈ ಬೆಳೆಸಿಕೊಂಡೇ ಸಂಸಾರ ಹೂಡುತ್ತವೆ, ಅಂತ ಪ್ರಬಂಧದಲ್ಲಿ ತೋರಿಸಬೇಕಿತ್ತು. ಹಿಡಿದು, ಅಳೆದು, ತೂಗಿ ವಾಪಸು ಬಿಡುವ ಶರತ್ತಿನ ಮೇಲೆ ಪಂಚಾಯ್ತಿ ಒಪ್ಪಿತ್ತು, ಬಲೆ ಬೀಸಿಕೊಟ್ಟವನು ಈ ಖಾಜಾಸಾಬನೇ, ಎರಡು ವರ್ಷ, ತನ್ನೂರು ಸಂಶಿಯಲ್ಲಿ ಅವ್ವ ಶಿವಗಂಗವ್ವ ಮಾತ್ರ ಲಿಂಗ ಕಟ್ಟಿಕೊಂಡ ಮನಿ ಹುಡುಗಿ ನೀರಿನ ಹುಳ ಹಿಡ್ಯಾಕ ಹೊಂಟೈತಿ ಎಂದು ಗೊಣಗುತ್ತ ಮೈಮೇಲೆ ನೀರು ಹಾಕಿಕೊಂಡ ಹೊರತು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಮಗಳು ಮೀನು ತೂಗುತ್ತಾಳೆಂಬುದಷ್ಟೇ ಅವ್ವಗೆ ಗೊತ್ತಿತ್ತು, ಕೊಯ್ಯುತ್ತಾಳೆಂಬುದು ಗೊತ್ತಿರಲಿಲ್ಲ.

ಕಾವಲಿನ ಕೆರೆಯಲ್ಲೊಂದು ಹಳೆಯ ಮರಲ್ ಇತ್ತು, ಮುದುಕಿ ಅನ್ನುತ್ತಿದ್ದರು ಅದಕ್ಕೆ, ಊರ ಹೆಂಗಸರೇ ಇಟ್ಟ ಹೆಸರು, ಮೇಲೆ ಬಂದು ಗಾಳಿ ಕುಡಿದು ಹೋಗುವ ಜಾತಿಯಲ್ಲವೇ ಮರಲ್, ನೀರಿಗೆ ಬಂದವರು ಕೊಡ ಅದ್ದುವಾಗ ಬುಳಕ್ಕನೆ ಎದ್ದು ಮಾರಿ ತೋರಿಸಿ ಹೋಗುತ್ತಿತ್ತು, ಎಡಗಡೆ ರೆಕ್ಕೆ ಹರಿದದ್ದು, ಆರು ಕಿಲೋ. ವಯಸ್ಸು ಬೇಕು ನೇತ್ರಾ, ದೊಡ್ಡ ಮೀನಿನ ವಯಸ್ಸಿಲ್ಲದಿದ್ದರೆ ನಿನ್ನ ವಾದಕ್ಕೆ ಕಾಲಿಲ್ಲ, ಒಂದೇ ಒಂದು ಸಾಕು, ಕಾಶಿನಾಥ ಸರ್ ಫೋನಿನಲ್ಲಿ, ಪ್ರಬಂಧ ಒಪ್ಪಿಸಲಿಕ್ಕೆ ಎರಡು ತಿಂಗಳಿತ್ತು, ಮೀನಿನ ವಯಸ್ಸು ಇರುವುದು ತಲೆಬುರುಡೆಯೊಳಗೆ, ಕಿವಿಯ ಹತ್ತಿರದ ಒಂದು ಬಿಳಿ ಹರಳಿನಲ್ಲಿ, ವರ್ಷಕ್ಕೊಂದು ಉಂಗುರ, ಜೀವಂತ ಬಿಟ್ಟು ಅದನ್ನು ತೆಗೆಯುವ ಹಾಗಿಲ್ಲ. ಶುಕ್ರವಾರ, ಮುದುಕಿ ಬಲೆಗೆ ಬಂದಿತ್ತು, ನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಸುತ್ತು ಹೊಡೆಯುತ್ತಿತ್ತು, ಅಜಾನ್ ಕೇಳಿಸಿತು, ಕೆರಿ ಬಿಟ್ಟು ಹೋಗಬಾರದು ನಾನು, ಅರ್ಧ ತಾಸು ನೀವ ನೋಡಿರ್ರಿ ಅಕ್ಕಾರ, ನಮಾಜ್ ಮುಗಿಸಿ ಬಂದಬಿಡ್ತೇನಿ, ತೂಕ ಆದಮ್ಯಾಲೆ ಮುದುಕೀನ ಬಿಟ್ಟಬಿಡ್ರಿ ಎಂದು ಕಾಲು ತೊಳೆದುಕೊಂಡು ಹೋದ, ಕೆರೆಯ ಗೇಟಿನ ಬೀಗದ ಕೈ ಇವಳ ಅಂಗೈಯಲ್ಲಿಟ್ಟು. ಅರ್ಧ ತಾಸು ಆಕೆ ಕೆರೆಯ ಕಾವಲುಗಾರ್ತಿ. ಕಾಯುವವಳೇ ಕದ್ದಳು, ಯಾರೂ ಒತ್ತಾಯ ಮಾಡಿರಲಿಲ್ಲ, ಸರ್ ಇದೇ ಮೀನು ತಾ ಎಂದಿರಲಿಲ್ಲ, ಬಲೆ ಬೀಳುವ ಕೆರೆಯ ಗಡಿಬಿಡಿ ಆಕೆಯ ರಕ್ತದಲ್ಲೂ ಇತ್ತು ಅಂತ ಈಗ ಅನಿಸುತ್ತದೆ, ಆಗ ಅನಿಸಿದ್ದು ಒಂದೇ, ಐಸ್ ಡಬ್ಬಿಯಲ್ಲಿ ಹಿಡಿಸುತ್ತದೋ ಇಲ್ಲವೋ. ಬಾಲ ಮಡಚಿ ಹಿಡಿಸಿದಳು. ಬಿಟ್ರೇನ್ರಿ ಅಕ್ಕಾರ ಮುದುಕೀನ, ಹೊಳ್ಳಿ ಬಂದವನು ಕೇಳಿದ, ಬಿಟ್ಟೆ ಕಾಕಾ — ಎಷ್ಟು ಸರಳ, ಬೀಗದ ಕೈ ವಾಪಸು ಕೊಡುತ್ತ ನಕ್ಕಿದ್ದಳು ಕೂಡ. ಬಸ್ಸಿನಲ್ಲಿ ಸೀಟಿನ ಕೆಳಗೆ ಅದು ಬಡಿಯಿತು, ಮರಲ್ ನೀರಿಲ್ಲದೆಯೂ ಗಟ್ಟಿ ಜೀವ, ಕಂಡಕ್ಟರ್ ಏನ್ರಿ ಅದರಾಗ ಕೋಳಿ ಐತೇನ್ರಿ ಎಂದ, ಲ್ಯಾಬಿನ ಸಾಮಾನ್ರಿ ಎಂದಳು, ಹುಬ್ಬಳ್ಳಿ ತನಕ ಬಡಿಯಿತು. ಹನ್ನೊಂದು ಉಂಗುರ, ಹದಿನೆಂಟು ಸಾವಿರದ ಮೇಲೆ ತತ್ತಿ, ಪ್ರಬಂಧದ ಪಟ್ಟಿಯಲ್ಲಿ ನಲವತ್ತೊಂದನೆಯ ಸಾಲು, ಭೇಷ್ ಎಂದರು ಸರ್.

ನಾಲ್ಕು ದಿನ ಮುದುಕಿ ಕಾಣದಿದ್ದದ್ದೇ ತಡ, ಊರು ಕೆರೆಯ ದಂಡೆಗೆ ಬಂತು, ಮಂಗಳವಾರ, ಇವಳು ತಕ್ಕಡಿ ಹಿಡಿದು ಅಲ್ಲೇ ನಿಂತವಳು. ಕಾವಲಕ್ಕ ಇದ್ದಾಂವ ನೀನು, ಒಗ್ಗರಣಿ ಬಿದ್ದದ್ದು ನಿನ್ನ ಮನಿಯಾಗ, ಪಂಚಾಯ್ತಿ ಮೆಂಬರ್ ಈರಬಸಪ್ಪ ಖಾಜಾಸಾಬನ ಮೇಲೆ ಗುಡುಗಿದ, ಯಾರೋ ಹಿಂದಿನಿಂದ ಮತ್ತ ಈ ಅಕ್ಕಾರೂ ಇದ್ರಲ್ಲೋ ಎಂದರು, ಎಲ್ಲ ಮುಖ ಈ ಕಡೆ ತಿರುಗಿದವು, ಆಗ ಹೇಳಬಹುದಿತ್ತು, ಆ ಒಂದು ಉಸಿರಿನಷ್ಟು ಹೊತ್ತು ಇತ್ತು, ಅಷ್ಟರಲ್ಲಿ ಖಾಜಾಸಾಬ ನಡುವೆ ಬಂದ, ಅವರ ಹೆಸರ ಎತ್ತಬ್ಯಾಡ್ರಿ, ಅವರು ತೂಗಿ ಹೊಳ್ಳಿ ಬಿಡೋರು, ಎರಡು ವರ್ಷ ಈ ಕಣ್ಣಿಲೆ ನೋಡೇನಿ, ಕೊಡ ಹಿಡಿದು ನಿಂತಿದ್ದ ಮುಮತಾಜಳನ್ನು ಎಳೆದು ಅವಳ ತಲೆಯ ಮೇಲೆ ಕೈ ಇಟ್ಟ, ನನ್ನ ಮಗಳ ತಲಿ ಮುಟ್ಟಿ ಹೇಳ್ತೇನಿ, ಅಕ್ಕಾರ ಒಯ್ದಿಲ್ಲ, ಸುಳ್ಳಾಗಿದ್ರ ಇಕಿಗೆ ಹತ್ತಲಿ. ತನ್ನ ಸಲುವಾಗಿ ಆಣೆ ಮಾಡಲಿಲ್ಲ ಆ ಮನುಷ್ಯ, ಇವಳ ಸಲುವಾಗಿ ಮಾಡಿದ. ಇವಳು ಉಳಿದಳು, ಅವನ ಕೈಯಿಂದ ಬೀಗದ ಕೈ ಹೋಯಿತು, ನೇತ್ರಾ ತಲೆ ಬಗ್ಗಿಸಿ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದಳು.

ಒಂದ ಮಾತ ಕೇಳ್ಲೇನ್ರಿ ಅಕ್ಕಾರ, ಎನ್ನುತ್ತಿದ್ದಾನೆ ಈಗ, ದನಿ ಇಳಿಸಿ, ಮಂದಿ ಅಂದದ್ದಕ್ಕಲ್ರಿ, ಮಂದಿ ಮರತ್ರು, ಈಗ ಎಲ್ಲಾರೂ ಫಿಲ್ಟರ್ ನೀರ ಕುಡಿಯೋರು, ಕೆರಿ ಯಾರಿಗೆ ಬೇಕಾಗೈತಿ, ನನಗ ಮಾತ್ರ ತಿಳೀವಲ್ದು, ನೀವು ಬಿಟ್ಟ ಮ್ಯಾಲೆ ಮುದುಕೀನ ಯಾರ ಒಯ್ದಿರಬೇಕ್ರಿ, ಸಾಯೂದ್ರಾಗ ಒಮ್ಮೆ ಗೊತ್ತಾದ್ರ ಸಾಕು. ಕೇಳಿಯೇಬಿಟ್ಟ, ಆಕೆಗೆ ಇದಕ್ಕಿಂತ ದೊಡ್ಡ ಬಾಗಿಲು ಇನ್ನಾರು ತೆಗೆಯಬೇಕು, ಕಾಕಾ, ಆ ಮೀನ ತಗೊಂಡಾಕಿ ನಾನು, ಅಂದಳು, ನಮಾಜಿಗೆ ಹೋದಾಗ, ಬಿಟ್ಟೆ ಅಂದದ್ದು ಸುಳ್ಳು. ಎದೆ ಹಗುರಾಯಿತು, ನಾಚಿಕೆಯಾಗುವಷ್ಟು ಹಗುರಾಯಿತು, ಪಂಚಾಯ್ತಿಯಲ್ಲೂ ಹೇಳ್ತೇನಿ, ಬರದ ಕೊಡ್ತೇನಿ, ಇವತ್ತ ಹೋಗೂಣು ನಡೀರಿ ಎನ್ನುತ್ತಲೇ ಇದ್ದಾಳೆ, ಈಗ ಬೈಯುತ್ತಾನೆ, ಈಗ, ಆದರೆ ಅವನು ಇವಳ ಕಡೆ ನೋಡುತ್ತಲೇ ಇಲ್ಲ, ಬಾಗಿಲ ಕಡೆ ನೋಡುತ್ತಿದ್ದಾನೆ, ಚಾದ ತಾಟು ಹಿಡಿದು ಮುಮತಾಜ್ ಹೊಸ್ತಿಲು ದಾಟುತ್ತಿದ್ದಾಳೆ, ಮೆಲ್ಲಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, ತುಂಬಿದ ಹೊಟ್ಟೆ, ಚೊಚ್ಚಲು, ಇಂದೋ ನಾಳೆಯೋ — ಸುಳ್ಳಾಗಿದ್ರ ಇಕಿಗೆ — ಯಾಕೆ ಹೊಳೆಯಲಿಲ್ಲ, ಬಸ್ಸಿನುದ್ದಕ್ಕೂ ತನ್ನ ಐದು ಶಬ್ದ ತೂಗಿದವಳಿಗೆ ಅವನ ಆಣೆ ಯಾಕೆ ನೆನಪಾಗಲಿಲ್ಲ, ಆರು ವರ್ಷ ಅದು ಅವನ ಪಾಲಿಗೆ ಖರೆ ಆಣೆಯಾಗಿತ್ತು, ಸುಳ್ಳು ಮಾಡಿದ್ದು ಈಗ, ಈ ಕಟ್ಟೆಯ ಮೇಲೆ ಕೂತು. ಅದು ಬರೇ ನಂಬಿಕಿ ಕಾಕಾ, ಹಂಗೇನೂ ಆಗೂದಿಲ್ಲ, ವಿಜ್ಞಾನ, ಎಂದು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಒಣಗಿತು. ಖಾಜಾಸಾಬ ಎದ್ದ, ತಾಟು ಇಸಿದುಕೊಂಡು ಕೆಳಗಿಟ್ಟ, ಮಗಳ ತಲೆಯ ಮೇಲೆ ಕೈ ಇಟ್ಟ, ಕ್ಯಾ ಹುವಾ ಅಬ್ಬಾ ಎಂದು ಅವಳು ನಗುತ್ತಿದ್ದಾಳೆ, ಅವನ ತುಟಿಯಷ್ಟೇ ಅಲುಗುತ್ತಿದೆ, ಕೈ ತೆಗೆಯುತ್ತಿಲ್ಲ, ಚಾ ಆರುತ್ತಿದೆ, ಕೈ ತೆಗೆಯುತ್ತಿಲ್ಲ, ಹಸಿರು ಓಢಣಿಯ ಮೇಲೆ ಹಿಟ್ಟಿನ ಬೆರಳು, ಐದು, ಬಿಳಿ, ಕೈ ತೆಗೆಯುತ್ತಿಲ್ಲ, ಆ ಕೈ —