ಭಾನುವಾರದ ಬೆಟ್ಟ

ಮೊದಲ ಹನಿ ಬಿದ್ದದ್ದು ಕಾಗದದ ಮೇಲಿನ ಬೆಟ್ಟಕ್ಕೆ. ಹಸಿ ನೀಲಿ ಕರಗಿ ಬುಡದತ್ತ ಇಳಿಯಿತು. ಕಾರಂಜಿ ಕೆರೆಯ ಏರಿಯ ಮೇಲೆ ಹೂಬತ್ತಿ ಹೊಸೆಯುತ್ತಾ ಕೂತಿದ್ದ ಮಂಜುಳಮ್ಮ ಹತ್ತಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ದಡಬಡನೆ ಎದ್ದರು.

"ಸಾಕು ಏಳೇ ಶಾಂತ. ನೆಂದ್ರೆ ನಿಮ್ಮಪ್ಪ ನನ್ನ ಸುಮ್ನೆ ಬುಡ್ತಾನಾ?"

"ಇನ್ನೊಂಚೂರು, ಅತ್ತೆ. ಬೆಟ್ಟ ಈ ಬಣ್ಣಕ್ಕೆ ತಿರುಗೋದು ಈಗ್ಲೇ."

ಶಾಂತಾದೇವಿಯನ್ನು ನೋಡಲು ಗುರುವಾರ ಗಂಡಿನ ಕಡೆಯವರು ಬರುವವರಿದ್ದರು. ಬಿಸಿಲಿಗೆ ಮೈಬಣ್ಣ ಕೆಡುತ್ತದೆ, ಮಳೆಗೆ ನೆಗಡಿಯಾಗುತ್ತದೆ, ಚಿತ್ರ ಬರೆಯಲು ಮನೆಯಲ್ಲಿ ಕಿಟಕಿ ಇಲ್ಲವೇ ಎಂದು ಅವಳ ತಂದೆ ಪ್ರಭುಸ್ವಾಮಿ ಬೆಳಿಗ್ಗೆಯೇ ಹೇಳಿದ್ದರು. ಇದೇ ಕೊನೆಯ ಭಾನುವಾರ ಎಂದೂ ಅಪ್ಪಣೆ ಮಾಡಿದ್ದರು. ಮದುವೆಯಾಗದ ಹುಡುಗಿ ಬಯಲಲ್ಲಿ ಒಬ್ಬಳೇ ಕೂರಬಾರದೆಂದು ಕಾವಲಿಗೆ ಕಳಿಸುತ್ತಿದ್ದ ತಮ್ಮ ಅಕ್ಕ ಮಂಜುಳಮ್ಮನಿಗೂ ಅದೇ ಕೊನೆಯೆಂಬುದು ಅವರಿಗೆ ಹೊಳೆದಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ನಜರ್‌ಬಾದಿನ ತಮ್ಮನ ಮನೆ ಸೇರಿದ್ದ ಮಂಜುಳಮ್ಮ ಹೊಸಿಲು ದಾಟುತ್ತಿದ್ದದ್ದು ಹಬ್ಬಕ್ಕೋ ಸಾವಿಗೋ ಅಷ್ಟೆ. ಸ್ವಾತಂತ್ರ್ಯ ಬಂದ ಮರುವರ್ಷ ಶಾಂತ ಕಾಲೇಜು ಸೇರಿ ಬಣ್ಣದ ಡಬ್ಬಿ ಕೊಂಡಳು, ಭಾನುವಾರಗಳು ಶುರುವಾದವು. ಮೊದಮೊದಲು ಮಂಜುಳಮ್ಮ ಸೊಂಟನೋವೆಂದು ಗೊಣಗಿದರು. ಬರಬರುತ್ತ ಶನಿವಾರವೇ ಬುತ್ತಿಯ ಚಿಂತೆ ಹತ್ತುತ್ತಿತ್ತು. ಮಾಗಿಯಲ್ಲಿ ಮಂಜು ಕವಿದು ಬೆಟ್ಟವೇ ಇಲ್ಲದ ಬೆಳಗು, ಬೇಸಿಗೆಯಲ್ಲಿ ಬೂದಿ ಬಳಿದುಕೊಂಡಂತಿರುವ ಬಂಡೆಗಳು, ಗಾಳಿಗೆ ಹಾರಿದ ಕಾಗದದ ಹಿಂದೆ ಇಬ್ಬರೂ ಏರಿಯುದ್ದಕ್ಕೂ ಓಡಿ ನಕ್ಕು ನಕ್ಕು ಕೆಮ್ಮು ಬಂದದ್ದು. ಮುಂದೆ ಎಷ್ಟೋ ವರ್ಷ, ಕಣ್ಣು ಸರಿಯಾಗಿ ಕಾಣದಾದ ಮೇಲೂ, ಅವೆಲ್ಲ ಮಂಜುಳಮ್ಮನಿಗೆ ನಿನ್ನೆ ಮೊನ್ನೆಯವಾಗಿಯೇ ಉಳಿದವು.

ಈ ಭಾನುವಾರ ಕೈಯಲ್ಲಿ ಇದ್ದದ್ದು ಒಂದೇ ಛತ್ರಿ. ಅದನ್ನು ಬಿಡಿಸಿ ಹುಡುಗಿಯ ತಲೆಗೆ ಹಿಡಿದರು. ಅವಳು ಮೆಲ್ಲಗೆ ಅದನ್ನು ಚಿತ್ರದ ಹಲಗೆಯ ಕಡೆ ವಾಲಿಸಿದಳು. ಮಂಜುಳಮ್ಮ ಮತ್ತೆ ಈಚೆಗೆ ಎಳೆಯಲಿಲ್ಲ. ಮಳೆ ಜೋರಾಯಿತು, ಇಬ್ಬರ ಬೆನ್ನೂ ತೊಯ್ದುಹೋಯಿತು. ಬೆಟ್ಟ ಪೂರ್ತಿ ಮುಚ್ಚಿಹೋಗುವವರೆಗೂ ಅವರು ಏಳಲಿಲ್ಲ.

ಪ್ರಭುಸ್ವಾಮಿ ಜಗಲಿಯಲ್ಲೇ ಕಾದು ನಿಂತಿದ್ದರು. ನಡುಗುತ್ತಾ ಬಂದ ಮಗಳನ್ನು ಕಂಡು ಅವರ ದನಿ ಏರಿತು. ಮೂಗು ಸೋರುವ ಹುಡುಗಿಯನ್ನು ಬಂದವರ ಮುಂದೆ ಹೇಗೆ ಕೂರಿಸುವುದು, ದೊಡ್ಡವಳೆಂದು ಅಕ್ಕನನ್ನು ಜೊತೆಗೆ ಕಳಿಸಿದ್ದು ಯಾತಕ್ಕೆ ಎಂದೆಲ್ಲ ಕೂಗಾಡಿದರು. ತಪ್ಪು ತನ್ನದೆಂದು ಶಾಂತ ಬಾಯಿ ತೆರೆಯುವಷ್ಟರಲ್ಲಿ ಮಂಜುಳಮ್ಮ ಅವಳ ಮುಂದೆ ಬಂದು ನಿಂತರು.

"ನಾನೇ ಕೂರ್ಸಿದ್ದು ಕಣೋ. ಮಳೇಲಿ ಬೆಟ್ಟ ನೋಡ್ಬೇಕು ಅನ್ನಿಸ್ತು."

"ನಿಂಗಾ ಅಕ್ಕ?"

"ಹೂಂ, ನಂಗೇ. ಮುಂದಿನ ಭಾನುವಾರಾನೂ ಹೋಗ್ತೀವಿ. ಇವಳು ಈ ಮನೇಲಿರೋಗಂಟ ಹೋಗ್ತೀವಿ."

ಈ ಮನೆಗೆ ಬಂದಮೇಲೆ ಅಕ್ಕ ತನಗೆಂದು ಒಂದು ಸೀರೆಯನ್ನೂ ಕೇಳಿದವರಲ್ಲ. ಅಕ್ಕನ ಕಾಲ ಬಳಿ ನೀರು ಮಡುಗಟ್ಟುತ್ತಿತ್ತು. ಪ್ರಭುಸ್ವಾಮಿ ಅದನ್ನು ನೋಡಿ ಒಳಗೆ ಹೋಗಿಬಿಟ್ಟರು.

ತುಸು ಹೊತ್ತಿಗೆ ಬಚ್ಚಲಮನೆಯಿಂದ ಹೊಗೆ ಬಂತು. ಮಂಜುಳಮ್ಮ ಹೋಗಿ ಇಣುಕಿದರು. ಎಂದೂ ಒಲೆಯ ಮುಂದೆ ಕೂತವರಲ್ಲದ ಪ್ರಭುಸ್ವಾಮಿ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಹಂಡೆಯ ಕೆಳಗಿನ ಹಸಿ ಸೌದೆಯನ್ನು ಕೆನ್ನೆ ಉಬ್ಬಿಸಿ ಊದುತ್ತಿದ್ದರು.